ಹಂದಿ ಬಿಡೋಕ್ ಮುಂಚೆ ಇದನ್ನ ಓದು ಮಗಾ

ಮಗಾ, ನಿಮ್ಮಪ್ಪ ಫೋನ್ ಮಾಡಿದ್ದ, ನೀನು ತೋಟಕ್ಕೆ ನಾಟಿ ಹಂದಿ ತಂದು ಬಿಡ್ತೀಯಂತೆ. ಒಳ್ಳೇದೇ, ಮೂಡಿಗೆರೆ ಸಕಲೇಶಪುರ ಕಡೆ ಕಡುಬು ಬೇಯಿಸೋ ಮನೆ ಇರೋವರೆಗೂ ಹಂದಿ ಮಾಂಸಕ್ಕೆ ಗಿರಾಕಿ ತಪ್ಪಲ್ಲ. ಆದ್ರೆ ಮೇವಿನ ಖರ್ಚಿಲ್ಲ, ಬಿಟ್ರೆ ಅದೇ ಮೇಯ್ಕೊಂಡು ಬರುತ್ತೆ ಅಂದ್ಯಂತಲ್ಲ, ಏನು ಮೇಯ್ಕೊಂಡು ಬರುತ್ತೆ ಅಂತ ಯೋಚ್ನೆ ಮಾಡಿದೀಯಾ?

ತೋಟದ ಕೆಲ್ಸದವ್ರು ಇರೋ ಲೈನ್ ಮನೆ ಹಿಂದೆ ಪಾಯಿಖಾನೆ ಇದೆ ಅಂತೀಯ, ನಾನು ಬಂದಾಗ ನೋಡಿದೀನಲ್ಲ, ಬಾಗ್ಲಿಲ್ಲ, ನೀರಿಲ್ಲ, ಕೊಯ್ಲಿನ ಟೈಮಲ್ಲಿ ಅಷ್ಟು ಜನ ಬಂದ್ರೆ ಅವ್ರು ಇನ್ನೆಲ್ಲಿ ಹೋಗ್ತಾರೆ, ಕಾಫಿ ಗಿಡದ ಮರೆಗೇ ಹೋಗ್ಬೇಕು. ಹಂದಿ ಅದನ್ನ ಬಿಡಲ್ಲ. ಅವರಲ್ಲಿ ಒಬ್ಬರ ಹೊಟ್ಟೇಲಿ ಲಾಡಿಹುಳ ಇದ್ರೂ ಸಾಕು, ಅದರ ಒಂದೊಂದು ತುಂಡಲ್ಲಿ 50,000 ದಷ್ಟು ಮೊಟ್ಟೆ ಇರುತ್ತೆ, ಮಲದ ಜೊತೆ ಹೊರಗೆ ಬಂದು ಹಂದಿ ಹೊಟ್ಟೆ ಸೇರಿ ಆಮೇಲೆ ಮಾಂಸದ ಎಳೆ ಮಧ್ಯ ಬೆಂದ ಸಬ್ಬಕ್ಕಿ ತರ ಗುಳ್ಳೆ ಆಗಿ ಕೂತ್ಕೊಳ್ಳುತ್ತೆ. ಆ ಮಾಂಸ ಸರಿಯಾಗಿ ಬೇಯದೆ ತಿಂದವರ ಕರುಳಲ್ಲಿ ಮತ್ತೆ ಲಾಡಿಹುಳ, 2 ಮೀಟರಿಂದ 7 ಮೀಟರ್ ಉದ್ದಾನೂ ಬೆಳೆಯುತ್ತೆ.

ಇಷ್ಟೇ ಆಗಿದ್ರೆ ಒಂದು ಮಾತ್ರೇಲಿ ಮುಗೀತಿತ್ತು. ಭಯ ಇರೋದು ಮೊಟ್ಟೆ ನೇರ ಮನುಷ್ಯರ ಬಾಯಿಗೆ ಹೋದಾಗ. ಹುಳ ಇರೋರು ಕೈ ತೊಳೀದೆ ಅಡುಗೆ ಮಾಡಿದ್ರೆ, ಗಲೀಜು ನೀರು ಹಾಯಿಸಿದ ಸೊಪ್ಪನ್ನ ಹಸಿಯಾಗೇ ತಿಂದ್ರೆ, ಗುಳ್ಳೆ ಹಂದೀಲಿ ಅಲ್ಲ, ನಮ್ಮ ಮಿದುಳಲ್ಲೇ ಆಗುತ್ತೆ. ಫಿಟ್ಸ್ ಬರುತ್ತೆ. ಈ ರೋಗ ಬೇರೂರಿರೋ ಜಾಗಗಳಲ್ಲಿ ಮೂರ್ಛೆರೋಗದ ಸುಮಾರು 30% ಇದರಿಂದಾನೇ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಹಂದಿ ಮುಟ್ಟದ ಸಸ್ಯಾಹಾರಿಗಳಿಗೂ ಬರುತ್ತೆ, ನಾವು ತಿನ್ನಲ್ಲ ನಮಗೇನು ಅನ್ನೋ ನಿಮ್ಮ ಪಕ್ಕದ ಮನೆಯವ್ರಿಗೂ ಇದನ್ನ ಹೇಳು.

ಅದಕ್ಕೇ ಹಂದಿ ಬೈಬೇಡ, ಕೆಲ್ಸದವ್ರನ್ನೂ ಬೈಬೇಡ, ಪಾಯಿಖಾನೆ ಸರಿ ಮಾಡ್ಸದ ಧಣಿ ಮೇಲೆ ಬರುತ್ತೆ ಈ ಮಾತು. ಹಂದಿ ದುಡ್ಡಲ್ಲಿ ಮೊದ್ಲು ಅದಕ್ಕೆ ಬಾಗ್ಲು ಹಾಕ್ಸು, ಟ್ಯಾಂಕ್ ಇಡ್ಸು, ಉಳಿದದ್ರಲ್ಲಿ ಹಂದಿ ತಗೋ. ಲೈನ್ ಮನೇಲಿ ಯಾರಿಗಾದ್ರೂ ಮಲದಲ್ಲಿ ಬಿಳಿ ಚಪ್ಪಟೆ ತುಂಡು ಕಂಡ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗು, ಮೆಡಿಕಲ್ ಶಾಪಲ್ಲಿ ಮಾತ್ರೆ ತಂದು ನೀನೇ ಹಂಚೋಕೆ ಹೋಗ್ಬೇಡ. ಮಿದುಳಲ್ಲಿ ಗುಳ್ಳೆ ಇರೋರಿಗೆ ಆ ಮಾತ್ರೆಯಿಂದಾನೇ ಫಿಟ್ಸ್ ಬರೋದುಂಟು.

ಬಿಟ್ಟು ಸಾಕೋದ್ರಲ್ಲಿ ಇನ್ನೂ ತಾಪತ್ರಯ ಇದೆ. ಮಣ್ಣು ಕೆದಕಿ ಎರೆಹುಳ ತಿಂದ್ರೆ ಶ್ವಾಸಕೋಶದ ಹುಳ, ಮರಿಗಳು ಕೆಮ್ತಾ ಸೊರಗ್ತವೆ. ದುಂಡುಹುಳದ ಮೊಟ್ಟೆ ಮಣ್ಣಲ್ಲಿ ವರ್ಷಗಟ್ಲೆ ಸಾಯಲ್ಲ, ಕಡಿದಾಗ ಈಲಿ (ಲಿವರ್) ಮೇಲೆ ಬಿಳಿ ಮಚ್ಚೆ ಕಂಡ್ರೆ ಅದೇ ಅಂತ ತಿಳ್ಕೋ. ಕಜ್ಜಿ ಕಿವಿ ಒಳಗಿಂದ ಶುರುವಾಗುತ್ತೆ, ಕಂಬಕ್ಕೆ ಉಜ್ಜೋದು ನೋಡ್ಕೋ, ಐವರ್ಮೆಕ್ಟಿನ್ ಇಂಜೆಕ್ಷನ್‌ಗೆ ಬಗ್ಗುತ್ತೆ. ಗಬ್ಬದ ಹಂದಿಗೆ ಮರಿ ಹಾಕೋಕೆ ಎರಡು ವಾರ ಮುಂಚೆ ಜಂತಿನ ಔಷಧಿ ಹಾಕಿಸಿ, ಮೈ ತೊಳೆದು ಆಮೇಲೆ ಕ್ಲೀನ್ ಗೂಡಿಗೆ ಬಿಡು.

ಮಾಂಸದ ಗುಳ್ಳೆಗೆ ಆಕ್ಸ್‌ಫೆಂಡಜೋಲ್ ಅಂತ ಔಷಧಿ ಇದೆ, ಕೇಜಿ ತೂಕಕ್ಕೆ 30 ಮಿಲಿಗ್ರಾಮ್ ಒಂದೇ ಸಲ, ಲಸಿಕೇನೂ ಬಂದಿದೆ. ಪಶು ಡಾಕ್ಟ್ರನ್ನ ಕೇಳೇ ಹಾಕ್ಸು, ಆಮೇಲೆ ಅವ್ರು ಹೇಳೋವರೆಗೂ ಕಡಿಬೇಡ. ನಾಲಿಗೆ ಅಡಿ ಮುಟ್ಟಿ ನೋಡಿ ಗಂಟಿಲ್ಲ ಅಂದ್ರೆ ಹಂದಿ ಕ್ಲೀನ್ ಅಂತ ವ್ಯಾಪಾರದವ್ರು ಹೇಳ್ತಾರೆ, ಪೂರ್ತಿ ನಂಬ್ಬೇಡ, ಸ್ವಲ್ಪನೇ ಗುಳ್ಳೆ ಇದ್ರೆ ಹಂಗೆ ಮುಟ್ಟಿದ್ರೆ ಗೊತ್ತೇ ಆಗಲ್ಲ.

ಆದ್ರೆ ನನ್ ಕೇಳಿದ್ರೆ ಬಿಡೋದೇ ಬೇಡ. ಹಳೇ ಕೊಟ್ಟಿಗೆ ಪಕ್ಕ ಸಿಮೆಂಟ್ ನೆಲದ ಗೂಡು ಕಟ್ಟು, ಹಲಸು, ತವುಡು, ಗೆಣಸಿನ ಬಳ್ಳಿ ಹಾಕು, ಮಿಕ್ಕಿದ ಅಡುಗೆ ಹಾಕೋದಾದ್ರೆ ಕುದಿಸಿ ಹಾಕು. ನಿಧಾನ ಬೆಳೀತದೆ ಅಂತ ಬೇಜಾರು ಮಾಡ್ಕೋಬೇಡ. ಗೂಡಿನ ಜಾಗ ಅಳೆದು ಭಾನುವಾರ ಫೋನ್ ಮಾಡು, ಎಷ್ಟು ಹಂದಿ ಹಿಡಿಯುತ್ತೆ ಅಂತ ಕೂತು ಲೆಕ್ಕ ಹಾಕೋಣ.

ನಿನ್ನ ದೊಡ್ಡಪ್ಪ