ಮಗಳಿಗೊಂದು ಪತ್ರ: ಸೆಕೆಂಡ್ ಶೋ ಬಿಟ್ಟ ಹೊತ್ತು

ಪುಟ್ಟೀ,

ಊರು ಮುಟ್ಟಿ ಎಂಟು ದಿನವಾಯಿತು. ನಿದ್ದೆ ಮಾತ್ರ ಇನ್ನೂ ಡಲ್ಲಾಸಿನಲ್ಲೇ ಇದೆ. ಬೆಳಗಿನ ಜಾವ ಮೂರಕ್ಕೆ ಎದ್ದು ಕೂತು ಬರೆಯುತ್ತಿದ್ದೇನೆ. ಮ್ಯಾಚು ನೋಡಿ ಊಟಕ್ಕೆ ಹೋದ ಆ ರಾತ್ರಿ ಬಿಲ್ಲು ಬಂದಾಗ ನಾನು ಮಾಡಿದ ರಂಪ ತಲೆಯಿಂದ ಹೋಗುತ್ತಿಲ್ಲ.

ಬ್ಯಾಸ್ಕೆಟ್‌ಬಾಲ್ ನನಗೆ ಅಷ್ಟಕ್ಕಷ್ಟೇ. ಆದರೆ ಅಮೆರಿಕನ್ ಏರ್‌ಲೈನ್ಸ್ ಸೆಂಟರ್ ಎಂಬ ಆ ಕ್ರೀಡಾಂಗಣದ ಬಾಗಿಲುಗಳಿಂದ ಆ ಜನಸಾಗರ ಹೊರಬಿತ್ತಲ್ಲ, ಅದು ಚೆನ್ನಾಗಿ ಅರ್ಥವಾಯಿತು. ದಾವಣಗೆರೆಯಲ್ಲಿ ಸೆಕೆಂಡ್ ಶೋ ಬಿಡುವ ಹೊತ್ತಿಗೆ ಹಂಚು ಕಾಯಿಸಿಕೊಂಡು ಕಾದವನು ನಾನು. ಪಕ್ಕದ ಬೀದಿಯ ಆ ಟೆಕ್ಸ್-ಮೆಕ್ಸ್ (ಟೆಕ್ಸಾಸ್ ಶೈಲಿಯ ಮೆಕ್ಸಿಕನ್ ಅಡಿಗೆ) ಹೋಟೆಲಿನವರೂ ಹಾಗೇ ಕಾಯುತ್ತಿದ್ದರು. ಕೂತ ಕೂಡಲೇ ಕೇಳದೆಯೇ ಚಿಪ್ಸು, ಟೊಮೆಟೊ ಚಟ್ನಿಯಂಥ ಸಾಲ್ಸಾ ತಂದಿಟ್ಟರು ನೋಡು. ಉಪಚಾರವೇನೋ ಹೌದು, ಆದರೆ ಒಳಗಿನ ಅಡಿಗೆಯವರಿಗೆ ಹತ್ತು ನಿಮಿಷ ಗಿಟ್ಟಿಸುವ ಉಪಾಯವೂ ಹೌದು. ಬಾಯಿ ಆಡುತ್ತಿರುವ ಗಿರಾಕಿ ಗಲಾಟೆ ಮಾಡುವುದಿಲ್ಲ.

ಎಂಚಿಲಾಡದ (ಗ್ರೇವಿ ಸುರಿದ ರೊಟ್ಟಿ ಸುರುಳಿ) ಗ್ರೇವಿಯಲ್ಲಿ ಜೀರಿಗೆ ವಾಸನೆ ಹಿಡಿದು ನಾನು ಹಿಗ್ಗಿದ್ದಕ್ಕೆ ನೀನು ನಕ್ಕೆ. ಇಷ್ಟೊಂದು ಜೀರಿಗೆ, ಮೇಲೆ ಹಳದಿ ಚೀಸು, ಇದೆಲ್ಲ ಟೆಕ್ಸಾಸಿನ ಮೆಕ್ಸಿಕನ್ನರ ಕೈರುಚಿ, ಮೆಕ್ಸಿಕೋದ ಒಳನಾಡಿನದಲ್ಲ ಎಂದೆ ನೀನು. ಇರಲಿ, ನನಗಂತೂ ಒಗ್ಗಿತು.

ಆದರೆ ನನ್ನ ಮನಸ್ಸು ಗೆದ್ದದ್ದು ಬಾರಿನ ಮೂಲೆಯಲ್ಲಿ ಗಿರಗಿರ ತಿರುಗುತ್ತಿದ್ದ ಮಾರ್ಗರೀಟಾ ಯಂತ್ರ, ಟಕೀಲಾ ಮದ್ಯ ಬೆರೆಸಿದ ತಣ್ಣನೆ ಪಾನೀಯದ್ದು. 1971ರಲ್ಲಿ ಅದೇ ಡಲ್ಲಾಸಿನಲ್ಲಿ ಮರಿಯಾನೋ ಮಾರ್ಟಿನೆಜ್ ಎಂಬ ಹೋಟೆಲಿನವರು ಐಸ್‌ಕ್ರೀಂ ಯಂತ್ರವನ್ನೇ ಬದಲಿಸಿ ಅದನ್ನು ಮಾಡಿದರು ಎಂದೆಯಲ್ಲ. ಅದಕ್ಕೂ ಮೊದಲು ಒಂದೊಂದೇ ಗ್ಲಾಸು ಮಿಕ್ಸಿಗೆ ಹಾಕಿ ಹುಡುಗರ ಕೈ ಸೋಲುತ್ತಿತ್ತು, ರುಚಿಯೂ ಒಂದೇ ತೆರನಾಗಿ ಬರುತ್ತಿರಲಿಲ್ಲ. ಹೋಟೆಲಿನವನ ಸಂಕಟ ಹೋಟೆಲಿನವನಿಗೇ ಗೊತ್ತು. ಅವರ ಆ ಮೊದಲ ಯಂತ್ರ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಮ್ಮಿಗೆ ಸೇರಿದೆಯಂತೆ. ನಮ್ಮ ಹಳೇ ರುಬ್ಬುವ ಯಂತ್ರ ಗುಜರಿಗೆ ಹೋಯಿತು. (ನಾನು ಎರಡು ಗುಟುಕು ಕುಡಿದದ್ದು ಅಮ್ಮನಿಗೆ ಗೊತ್ತಿಲ್ಲ.)

ಈಗ ಬಿಲ್ಲಿನ ವಿಷಯ. 60 ಡಾಲರಿನ ಊಟಕ್ಕೆ ನೀನು 12 ಡಾಲರ್ ಟಿಪ್ಸ್ ಬರೆದೆ. "ಸಾವಿರ ರೂಪಾಯಿ ಟಿಪ್ಸಾ?" ಎಂದು ನಾನು ಕೂಗಿದೆ. ಭಾಷೆ ತಿಳಿಯದಿದ್ದರೂ ಆ ಸಪ್ಲೈಯರ್ ಹುಡುಗಿ ತಲೆ ತಗ್ಗಿಸಿದಳು. ಕಾರಿನಲ್ಲಿ ನೀನು ಹೇಳಿದೆ: ಟಿಪ್ಸ್ ಸಿಗುವ ಕೆಲಸದವರಿಗೆ ಅಲ್ಲಿ ಮಾಲೀಕ ಗಂಟೆಗೆ 2.13 ಡಾಲರ್ ಕೊಟ್ಟರೂ ಕಾನೂನು ಸುಮ್ಮನಿರುತ್ತದೆ, 1991ರಿಂದ ಅದು ಏರಿಲ್ಲ. ಟಿಪ್ಸ್ ಸೇರಿಯೂ ಕನಿಷ್ಠ ಕೂಲಿಯಾದ ಗಂಟೆಗೆ 7.25 ಡಾಲರ್ ಆಗದಿದ್ದರೆ ಮಾತ್ರ ಉಳಿದದ್ದನ್ನು ಅವನು ತುಂಬಬೇಕು. ಅಂದರೆ ಅವಳ ಸಂಬಳದ ಬಹುಪಾಲು ನಮ್ಮ ಟೇಬಲಿನ ಮೇಲಿತ್ತು.

ನಮ್ಮ ಹೋಟೆಲಿನಲ್ಲಿ ಒಬ್ಬ ಹುಡುಗ ಗಿರಾಕಿ ಬಿಟ್ಟ ಐದು ರೂಪಾಯಿ ಜೇಬಿಗಿಳಿಸಿದನೆಂದು ಎಲ್ಲರೆದುರು ಅವನ ಜೇಬು ತಡಕಿದ್ದೆ. ನೀನು ಗಲ್ಲಾದ ಪಕ್ಕ ಹೋಂವರ್ಕ್ ಬರೆಯುತ್ತಿದ್ದೆ. ನಿನಗದು ನೆನಪಿದೆ ಅಂತ ಕಾಣುತ್ತದೆ. ಕಾರಿನಲ್ಲಿ ಆ ಮಾತು ಮಾತ್ರ ನೀನು ಎತ್ತಲಿಲ್ಲ.

ಮುಂದಿನ ಮ್ಯಾಚಿಗೆ ಹೋದಾಗ ಅವಳಿದ್ದರೆ ನನ್ನ ಲೆಕ್ಕದಲ್ಲಿ ಇನ್ನೊಂದಿಷ್ಟು ಇಡು. ಹಾಗೇ ಬೀನ್ಸಿಗೆ ಹಂದಿ ಕೊಬ್ಬು ಹಾಕುತ್ತಾರಾ ಅಂತ ಕೇಳಿ ತಿಳಿಸು. ಹಾಕುತ್ತಾರೆ ಅಂದರೆ ಅದನ್ನೂ ಅಮ್ಮನಿಗೆ ಹೇಳುವುದು ಬೇಡ.

ನಿನ್ನ
ಅಪ್ಪ