ಡಿಸೆಂಬರ್‌ಗೆ ಮೊದಲೇ ಆಗಬೇಕಾದ ಮಾತು

ಹುಬ್ಬಳ್ಳಿ,
ಸೆಪ್ಟೆಂಬರ್ 20

ಪ್ರೀತಿಯ ಮಗಳಿಗೆ, ಕರ್ತನ ನಾಮದಲ್ಲಿ ದೊಡ್ಡಮ್ಮನ ಆಶೀರ್ವಾದಗಳು.

ಗಂಡನ ಮನೆಯವರು ಬ್ರೆದರನ್ ಎಂಬ ಕ್ರೈಸ್ತ ಪಂಗಡದ ಸಭೆಯವರು, ಕ್ರಿಸ್ಮಸ್ ಮಾಡುವುದಿಲ್ಲ, ನಾನೇನು ಮಾಡಲಿ ಎಂದು ಕೇಳಿದ್ದೀ. ಇದನ್ನು ಸೆಪ್ಟೆಂಬರ್‌ನಲ್ಲೇ ಕೇಳಿದ್ದು ಒಳ್ಳೆಯದಾಯಿತು. ಡಿಸೆಂಬರ್ 20ಕ್ಕೆ ಈ ಮಾತು ಎತ್ತಿದರೆ ಅದು ಜಗಳವೇ ಆಗುತ್ತದೆ, ಯಾಕೆಂದರೆ ಅಷ್ಟು ಹೊತ್ತಿಗೆ ನಿನ್ನ ಅವ್ವ ಇಲ್ಲಿ ಕರ್ಚಿಕಾಯಿಗೆ ಕೊಬ್ಬರಿ ತುರಿಯುತ್ತಿರುತ್ತಾಳೆ, ಅಲ್ಲಿ ನಿನ್ನ ಮಾವನವರು ಸಭೆಯ ರಜಾ ಕೂಟಕ್ಕೆ ಓಡಾಡುತ್ತಿರುತ್ತಾರೆ.

ಮೊದಲು ಅವರ ಕಾರಣ ತಿಳಿದುಕೋ. ಅದು ಜಿಪುಣತನವಲ್ಲ, ಒಣ ಹಟವೂ ಅಲ್ಲ. ಕರ್ತನು ನೆನಪು ಮಾಡಿಕೊಳ್ಳಿ ಎಂದು ಹೇಳಿಹೋದದ್ದು ತನ್ನ ಮರಣವನ್ನು, ಜನನದ ದಿನವನ್ನಲ್ಲ ಎಂಬುದು ಅವರ ನಂಬಿಕೆ. ಅದಕ್ಕೇ ಪ್ರತಿ ಭಾನುವಾರ ರೊಟ್ಟಿ ಮುರಿಯುತ್ತಾರೆ. ಸಭಾಪಾಲಕರಿಲ್ಲ, ಬರೆದಿಟ್ಟ ಆರಾಧನಾ ಕ್ರಮವಿಲ್ಲ. ನಿನ್ನ ಅತ್ತೆ ತಲೆಯ ಮೇಲೆ ಸೆರಗು ಹೊದ್ದು ಆ ತುಂಡನ್ನು ಕೈಗೆ ತೆಗೆದುಕೊಳ್ಳುವಾಗ ಒಮ್ಮೆ ಅವರ ಮುಖ ನೋಡು. ನಮಗೆ ಕ್ರಿಸ್ಮಸ್ ಬೆಳಗಿನ ಆರಾಧನೆಯಲ್ಲಿ ಕಣ್ಣು ತುಂಬುತ್ತದಲ್ಲ, ಅವರಿಗೆ ಅದು ವಾರವಾರವೂ ಇದೆ. ಇದು ಗೊತ್ತಿದ್ದರೆ 'ನಿಮಗೆ ಯೇಸುವಿನ ಹುಟ್ಟುಹಬ್ಬವೇ ಬೇಡವೇ' ಎಂಬ ಪ್ರಶ್ನೆ ನಿನ್ನ ಬಾಯಿಗೆ ಬರುವುದಿಲ್ಲ. ಬರಬಾರದು ಕೂಡ.

ಯೆಹೋವನ ಸಾಕ್ಷಿಗಳು ಎಂಬ ಬೇರೆ ಪಂಗಡದವರ ಜೊತೆ ಇವರನ್ನು ಬೆರೆಸಿ ಮಾತಾಡಬೇಡ. ಅವರೂ ಹಬ್ಬ ಮಾಡುವುದಿಲ್ಲ, ಆದರೆ ಯೇಸು ಯಾರು ಎಂಬಲ್ಲಿಂದಲೇ ಅವರ ಬೋಧನೆ ಬೇರೆ. ನಮ್ಮ ಕಡೆಯ ಬಂಧುಗಳು ಮದುವೆಯಲ್ಲೇ ಈ ತಪ್ಪು ಮಾಡಿದರು.

ಗಂಡನ ಮನೆಯವರಲ್ಲಿ ಯಾರಾದರೂ ಬೈಬಲಿನ ಗಲಾತ್ಯ 4:10 ತೆಗೆದು 'ದಿನ, ತಿಂಗಳು, ಕಾಲಗಳನ್ನು ಆಚರಿಸುತ್ತೀರಿ' ಎಂದಾರು. ನೀನು ರೋಮಾಪುರ 14:5 ತೆಗೆಯಬಹುದು. ಅಲ್ಲಿ ಪೌಲನು ಒಂದು ದಿನವನ್ನು ಹೆಚ್ಚೆಂದು ಎಣಿಸುವವನಿಗೂ ಎಲ್ಲ ದಿನವೂ ಸಮ ಎನ್ನುವವನಿಗೂ ಜಾಗ ಕೊಟ್ಟಿದ್ದಾನೆ. ಆದರೆ ವಾಕ್ಯಕ್ಕೆ ವಾಕ್ಯ ಎಸೆಯುವ ಆಟ ಊಟದ ಮೇಜಿನ ಮೇಲೆ ಬೇಡ. ಚರಿತ್ರೆಯೂ ನೀನು ಅಂದುಕೊಂಡಷ್ಟು ನಮ್ಮ ಕಡೆಗಿಲ್ಲ. ಡಿಸೆಂಬರ್ 25ರ ಅತಿ ಹಳೆಯ ಸ್ಪಷ್ಟ ದಾಖಲೆ ರೋಮಿನದು, ನಾಲ್ಕನೆಯ ಶತಮಾನದ್ದು. ಅರ್ಮೇನಿಯದ ಸಭೆ ಇಂದಿಗೂ ಜನವರಿ 6ರಂದೇ ಮಾಡುತ್ತದೆ. ಇಂಗ್ಲೆಂಡಿನ ಪಾರ್ಲಿಮೆಂಟು 1647ರಲ್ಲಿ ಹಬ್ಬವನ್ನೇ ನಿಷೇಧಿಸಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡವಿತ್ತು. ಸ್ಕಾಟ್ಲೆಂಡಿನಲ್ಲಿ ಅದು ಸಾರ್ವಜನಿಕ ರಜೆಯಾದದ್ದು 1958ರಲ್ಲಿ! ಹಲವು ಸಭೆಗಳು 1947ರಲ್ಲಿ ಕೂಡಿಕೊಂಡು ಆದ ನಮ್ಮ ಸಿಎಸ್‌ಐನಲ್ಲಿ (ದಕ್ಷಿಣ ಭಾರತ ಸಭೆಯಲ್ಲಿ), ಹಬ್ಬವನ್ನು ಒಪ್ಪದಿದ್ದ ಆ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಸಭೆಯವರ ಧಾರೆಯೂ ಇದೆ. ಹಾಗಾಗಿ ಇದು ನಮ್ಮ ಮನೆತನದೊಳಗಿನ ಹಳೆಯ ತಕರಾರೇ, ಹೊರಗಿನವರದ್ದಲ್ಲ.

ಈಗ ಮಾಡಬೇಕಾದ್ದು. 'ಕ್ರಿಸ್ಮಸ್ ಮಾಡಬಹುದೇ' ಎಂದು ಒಟ್ಟಾರೆ ಕೇಳಬೇಡ; ಒಟ್ಟಾರೆ ಕೇಳಿದರೆ ಒಟ್ಟಾರೆ 'ಇಲ್ಲ' ಬರುತ್ತದೆ. ನಕ್ಷತ್ರ, ಗಿಡ, ಕೇಕು, ಮನೆಮನೆಗೆ ಬಂದು ಕ್ರಿಸ್ಮಸ್ ಹಾಡು ಹಾಡುವ ಕ್ಯಾರಲ್ ತಂಡ, ಹೊಸ ಬಟ್ಟೆ, 25ರ ಆರಾಧನೆ, ತವರಿಗೆ ಹೋಗುವುದು ಎಲ್ಲವನ್ನೂ ಬಿಡಿಬಿಡಿಯಾಗಿ ಕೇಳು. ಬ್ರೆದರನ್ ಮನೆಗಳೆಲ್ಲ ಒಂದೇ ಥರ ಇಲ್ಲ. ಕೇಕು ತಿನ್ನುವವರು, ಮಕ್ಕಳಿಗೆ ಬಟ್ಟೆ ತರುವವರು ಬೇಕಾದಷ್ಟು ಜನರಿದ್ದಾರೆ. ಮೊದಲು ಗಂಡ ಹೆಂಡತಿ ಇಬ್ಬರೇ ಕೂತು ಮಾತಾಡಿ. ಆಮೇಲೆ ಅವರ ಅಪ್ಪ ಅಮ್ಮನಿಗೆ ಅಳಿಯಂದಿರೇ ಹೇಳಲಿ, ನಿನ್ನ ಅವ್ವನಿಗೆ ನೀನೇ ಹೇಳು. ಇದು ಅದಲುಬದಲಾದರೆ ಸೊಸೆ ಮನೆ ಒಡೆಯಲು ಬಂದಳೆಂದು ಅಲ್ಲಿ, ಅಳಿಯ ಮಗಳನ್ನು ಕಟ್ಟಿಹಾಕಿದನೆಂದು ಇಲ್ಲಿ ಮಾತು ಶುರುವಾಗುತ್ತದೆ. ವಾಟ್ಸಾಪ್ ಗ್ರೂಪಿನಲ್ಲಂತೂ ಈ ವಿಷಯ ಒಂದಕ್ಷರವೂ ಬೇಡ.

ನಕ್ಷತ್ರದ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ: ಬಾಲ್ಕನಿಯಲ್ಲಿ ತೂಗುಹಾಕಬೇಡ. ಹೊರಗೆ ತೂಗಿದ ನಕ್ಷತ್ರ ಇಡೀ ಮನೆಯ ಪರವಾಗಿ ಸಾರುತ್ತದೆ, ಆ ಮನೆಯಲ್ಲಿ ನೀನೊಬ್ಬಳೇ ಇಲ್ಲ. ನಿಮ್ಮ ಕೋಣೆಯೊಳಗೆ ಚಿಕ್ಕದೊಂದು ಇಟ್ಟುಕೊಳ್ಳಲು ಅಳಿಯಂದಿರು ಒಪ್ಪಿದರೆ ಸಾಕು. ಕಾಗದದ ನಕ್ಷತ್ರವಾದರೆ ಐದು ವ್ಯಾಟಿನ ಎಲ್‌ಇಡಿ ಬಲ್ಬ್ ಹಾಕು; ಹಳೆಯ ತಂತಿಯ ಬಲ್ಬ್ ಕಾದು ಕಾಗದ ಸುಡುತ್ತದೆ.

ಕ್ಯಾರಲ್ ತಂಡದ್ದು ಹೆಚ್ಚು ಸೂಕ್ಷ್ಮ. ನೀನು ಅಲ್ಲಿಯ ಸಿಎಸ್‌ಐ ಸಭೆಗೆ ಹೆಸರು ಕೊಟ್ಟಿದ್ದರೆ ರಾತ್ರಿ ಹತ್ತೂವರೆಗೆ ಕ್ರಿಸ್ಮಸ್ ತಾತನ ಜೊತೆ, ಡ್ರಮ್ ಬಡಿಯುತ್ತಾ ನಿಮ್ಮ ಬಾಗಿಲಿಗೆ ಬಂದೇ ಬರುತ್ತಾರೆ. ನವೆಂಬರ್ ಕೊನೆಗೆ ಯೌವನಸ್ಥರ ಸಂಘದ ಕಾರ್ಯದರ್ಶಿಗೆ ಫೋನ್ ಮಾಡು. ಮನೆಯವರು ಒಪ್ಪಿದ್ದರೆ 'ತಾತ ಬೇಡ, ಡ್ರಮ್ ಬೇಡ, ಎಂಟು ಗಂಟೆಯೊಳಗೆ ಬನ್ನಿ, ಲೂಕ 2 ಓದಿ ಎರಡು ಹಾಡು ಹಾಡಿ ಪ್ರಾರ್ಥಿಸಿ' ಎಂದು ಹೇಳು. ಹತ್ತು ನಿಮಿಷದ ಕೆಲಸ. ವಾಕ್ಯ ಓದಿ ಪ್ರಾರ್ಥಿಸುವುದಕ್ಕೆ ನಿನ್ನ ಮಾವನವರು ಬಹುಶಃ ಬೇಡ ಎನ್ನಲಾರರು. ಒಪ್ಪದಿದ್ದರೆ ಪಟ್ಟಿಯಿಂದ ವಿಳಾಸ ತೆಗೆಸು, ಕಾಣಿಕೆಯ ಕವರನ್ನು ಭಾನುವಾರ ನೀನೇ ಕೊಟ್ಟು ಬಾ.

ತಿಂಡಿಯಲ್ಲಿ ನೀನು ಅಂದುಕೊಂಡದ್ದಕ್ಕಿಂತ ಹೆಚ್ಚು ಜಾಗವಿದೆ. ಕರ್ಚಿಕಾಯಿ ದೀಪಾವಳಿಗೆ ಪಕ್ಕದ ಮನೆಯವರೂ ಮಾಡುತ್ತಾರೆ, ಅದಕ್ಕೆ ಮತದ ಗುರುತಿಲ್ಲ. 18ಕ್ಕೋ 28ಕ್ಕೋ ಮಾಡು, 25ಕ್ಕೇ ಬೇಡ. ಕಾಲು ಕೆ.ಜಿ. ಮೈದಾಕ್ಕೆ ಎರಡು ದೊಡ್ಡ ಚಮಚ ಬಿಸಿ ತುಪ್ಪ, ಚಿಟಿಕೆ ಉಪ್ಪು. ಗಟ್ಟಿಯಾಗಿ ಕಲಸಿ ಅರ್ಧ ಗಂಟೆ ಒದ್ದೆ ಬಟ್ಟೆ ಮುಚ್ಚಿಡು. ಹೂರಣಕ್ಕೆ 150 ಗ್ರಾಂ ಒಣಕೊಬ್ಬರಿ, 50 ಗ್ರಾಂ ಪುಠಾಣಿ ಹಿಟ್ಟು, 125 ಗ್ರಾಂ ಸಕ್ಕರೆ ಪುಡಿ, ಹುರಿದ ಗಸಗಸೆ ಒಂದು ಚಮಚ, ಏಲಕ್ಕಿ. ಹಸಿ ಕೊಬ್ಬರಿ ಹಾಕಿದರೆ ಎರಡು ಮೂರು ದಿನಕ್ಕೆ ಮುಗ್ಗಲು ವಾಸನೆ. ಎಣ್ಣೆಯಲ್ಲಿ ಬಾಯಿ ಬಿಡುವುದು ಹೂರಣ ಹೆಚ್ಚಾದಾಗ, ಇಲ್ಲವೇ ಅಂಚಿಗೆ ನೀರು ಸವರದೆ ಒತ್ತಿದಾಗ. ಉರಿ ಮಧ್ಯಮವಿರಲಿ.

ಕೇಕಿನಲ್ಲಿ ಮಾತ್ರ ಎಚ್ಚರ. ಬೇಕರಿಯ ಪ್ಲಮ್ ಕೇಕಿನಲ್ಲಿ ರಮ್ ಇರುವುದು ಸಾಮಾನ್ಯ, ನಿನ್ನ ಮಾವನವರು ಮದ್ಯ ಮುಟ್ಟದವರು. ಕೇಳದೆ ತಂದಿಟ್ಟರೆ ಹಬ್ಬದ ಮಾತು ಪಕ್ಕಕ್ಕೆ ಹೋಗಿ ಅದೇ ದೊಡ್ಡದಾಗುತ್ತದೆ. ಮನೆಯಲ್ಲೇ ಮಾಡುವುದಾದರೆ 300 ಗ್ರಾಂ ಒಣಹಣ್ಣನ್ನು 150 ಮಿ.ಲೀ. ಕಿತ್ತಳೆ ರಸದಲ್ಲಿ ಐದು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ, ಆರಿಸಿ, ಒಂದು ರಾತ್ರಿ ಫ್ರಿಜ್ಜಿನಲ್ಲಿಡು. ರಮ್ಮಿನಂತೆ ವಾರಗಟ್ಟಲೆ ಹೊರಗೆ ನೆನೆಸಿಟ್ಟರೆ ರಸ ಹುಳಿ ಬರುತ್ತದೆ. ಹಿಟ್ಟಿಗೆ ಸೇರಿಸುವ ಮೊದಲು ಹಣ್ಣಿಗೆ ಒಂದು ಚಮಚ ಮೈದಾ ಸವರು, ಇಲ್ಲದಿದ್ದರೆ ಎಲ್ಲ ತಳ ಸೇರುತ್ತದೆ.

ಆರಾಧನೆಗೆ ಹೋಗುವುದನ್ನು ಮಾತ್ರ ನೀನು ಬಿಟ್ಟುಕೊಡಬೇಡ. ತಿಂಡಿ, ದೀಪ ಬಿಡಬಹುದು. ಮನಸ್ಸಾಕ್ಷಿಗೆ ಸಂಬಂಧಿಸಿದ್ದನ್ನು ಬಿಟ್ಟರೆ ಐದು ವರ್ಷದ ಮೇಲೆ ಅದು ಸಿಟ್ಟಾಗಿ ಹೊರಬರುತ್ತದೆ. ಅಳಿಯಂದಿರು ಬಾರದಿದ್ದರೆ ಒತ್ತಾಯ ಬೇಡ, ಅವರ ಮನಸ್ಸಾಕ್ಷಿಯೂ ಅಷ್ಟೇ ಬೆಲೆಯುಳ್ಳದ್ದು. ಕ್ಯಾರಲ್ ಆರಾಧನೆ ಸಾಮಾನ್ಯವಾಗಿ ಭಾನುವಾರ ಸಂಜೆ ಇರುತ್ತದೆ, ಅವರ ಬೆಳಗಿನ ಕೂಟಕ್ಕೆ ಅಡ್ಡ ಬರುವುದಿಲ್ಲ. ತೊಡಕಾಗುವುದು 25ರಂದು, ರಜೆಯ ದಿನವೆಂದು ಕೆಲವು ಸಭೆಗಳು ಅಂದೇ ವಿಶೇಷ ಕೂಟ ಇಡುತ್ತವೆ. ಸಮಯ ಈಗಲೇ ಕೇಳಿಟ್ಟುಕೋ. ಮುಂಜಾನೆಯ ಆರಾಧನೆ ಮುಗಿಸಿ ನೀನು ಅವರ ಕೂಟಕ್ಕೂ ಹೋಗಿ ಕೂತರೆ ನಿನ್ನ ಅತ್ತೆ ಅದನ್ನು ಮರೆಯುವುದಿಲ್ಲ. ಡಿಸೆಂಬರ್ 31ರ ರಾತ್ರಿಯ ಪ್ರಾರ್ಥನೆಗೆ ಎರಡೂ ಕಡೆಯವರು ಒಟ್ಟಿಗೆ ಕೂರಬಹುದೇ ಎಂದೂ ಕೇಳು.

24ರ ಸಂಜೆ ನಿನಗೆ ಅಳು ಬರಬಹುದು. ಇಲ್ಲಿ ಎಣ್ಣೆ ಕಾದ ವಾಸನೆ, ಅಲ್ಲಿ ಎಂದಿನಂತೆ ಅನ್ನ ಸಾರು. ಅಳಿಯಂದಿರಿಗೆ ಮೊದಲೇ ಹೇಳಿಡು, 'ಆ ಸಂಜೆ ಆಫೀಸಿನಿಂದ ಬೇಗ ಬನ್ನಿ' ಅಂತ. ಹಬ್ಬ ಮಾಡಿ ಎಂದು ಕೇಳುವುದಕ್ಕೂ ನನ್ನ ಜೊತೆ ಇರಿ ಎಂದು ಕೇಳುವುದಕ್ಕೂ ವ್ಯತ್ಯಾಸವಿದೆ, ಎರಡನೆಯದಕ್ಕೆ ಯಾವ ಸಭೆಯ ಅಡ್ಡಿಯೂ ಇಲ್ಲ.

ಮಕ್ಕಳಾದ ಮೇಲೆ ಹೇಗೆ ಎಂಬುದನ್ನು ಈಗಲೇ ಯಾರಿಗೂ ಮಾತು ಕೊಡಬೇಡ.

ಹುಬ್ಬಳ್ಳಿಗೆ ಬರುವುದಾದರೆ 26ರ ರಾತ್ರಿ ಹೊರಡಿ ಎನ್ನುವುದು ನನ್ನ ಸಲಹೆ. ಅವರ ಕೂಟವೂ ಮುಗಿದಿರುತ್ತದೆ, ನಿನ್ನ ಅವ್ವನ ಡಬ್ಬಿಗಳೂ ಖಾಲಿಯಾಗಿರುವುದಿಲ್ಲ. ರೈಲಿನ ಬುಕಿಂಗ್ ಈಗ 60 ದಿನ ಮೊದಲಷ್ಟೇ ತೆರೆಯುತ್ತದೆ, ಅಂದರೆ ಅಕ್ಟೋಬರ್ 27ರ ಬೆಳಿಗ್ಗೆ ಎಂಟಕ್ಕೆ. ಇಬ್ಬರದೂ ಒಟ್ಟಿಗೆ ಮಾಡಿಸಿ.

ನಿನ್ನ ದೊಡ್ಡಮ್ಮ