ಪಾಲಿಶ್ ದರದಲ್ಲಿ ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ನಮಸ್ಕಾರಗಳು. ಹೊಸಪೇಟೆಯ ನಮ್ಮ ಕಾರ್ ಡೀಟೇಲಿಂಗ್ (ಕಾರಿನ ಒಳಹೊರಗನ್ನು ಸ್ವಚ್ಛಗೊಳಿಸಿ ಹೊಳಪು ಕೊಡುವ) ಘಟಕದಲ್ಲಿ ಪೇಂಟ್ ಪಾಲಿಶ್ ಕೆಲಸಕ್ಕೆ ಇದುವರೆಗೆ ಕಾರಿನ ಗಾತ್ರ ನೋಡಿ ದರ ಹೇಳುತ್ತಿದ್ದೆವು: ಹ್ಯಾಚ್‌ಬ್ಯಾಕ್‌ಗೆ 3,000, ಸೆಡಾನ್‌ಗೆ 4,000, ಎಸ್‌ಯುವಿಗೆ 5,000 ರೂಪಾಯಿ. ಬರುವ ಜೂನ್ 1ರಿಂದ ಈ ಪದ್ಧತಿ ಇರುವುದಿಲ್ಲ. ಇನ್ನು ಮುಂದೆ ಕಾರನ್ನು ಕಣ್ಣಾರೆ ನೋಡಿ, ಪೇಂಟ್‌ನ ದಪ್ಪವನ್ನು ಅಳೆದು, ಒಂದು ಸಣ್ಣ ಜಾಗದಲ್ಲಿ ಪಾಲಿಶ್ ಮಾಡಿ ತೋರಿಸಿದ ಮೇಲೆಯೇ ದರವನ್ನು ಬರೆದು ಕೊಡುತ್ತೇವೆ. ಇದರಿಂದ ಕೆಲವರಿಗೆ ಖರ್ಚು ಕಡಿಮೆಯಾಗುತ್ತದೆ, ಕೆಲವರಿಗೆ ಹೆಚ್ಚಾಗುತ್ತದೆ. ಆದ್ದರಿಂದ ಕಾರಣವನ್ನು ವಿವರವಾಗಿ ತಿಳಿಸುತ್ತಿದ್ದೇವೆ.

ಘಟಕ ತೆರೆದಾಗ ಊರಿನಲ್ಲಿ ಚಾಲ್ತಿಯಲ್ಲಿದ್ದ ದರವನ್ನೇ ನಾವೂ ಇಟ್ಟುಕೊಂಡೆವು. ಹೊಸದಾಗಿ ಈ ಕೆಲಸಕ್ಕೆ ಇಳಿದವರಿಗೆ ಬೇರೆ ಆಧಾರವೂ ಇರುವುದಿಲ್ಲ. ಅದರ ಜೊತೆಗೇ, ಪ್ರತಿಯೊಂದು ಕಾರನ್ನು ತೊಳೆಯಲು, ಅಂಟಿದ ಕೊಳೆ ತೆಗೆಯಲು, ಟೇಪ್ ಹಚ್ಚಲು ಮತ್ತು ಮಷಿನ್ ಹಿಡಿಯಲು ಎಷ್ಟು ಹೊತ್ತು ಬೇಕಾಯಿತೆಂಬುದನ್ನು ಪುಸ್ತಕದಲ್ಲಿ ಬರೆದಿಡುತ್ತಾ ಬಂದೆವು. ಕೆಲಸದ ಸಮಯವನ್ನು ನಿರ್ಧರಿಸುವುದು ಗಾತ್ರಕ್ಕಿಂತ ಹೆಚ್ಚಾಗಿ ಪೇಂಟ್‌ನ ಸ್ಥಿತಿ, ಅದರ ಬಣ್ಣ ಮತ್ತು ಕಾರು ಓಡಾಡುವ ರಸ್ತೆ ಎಂಬುದು ಆ ಪುಸ್ತಕದಿಂದ ಸ್ಪಷ್ಟವಾಗಿದೆ. ನೆರಳಿನಲ್ಲಿ ನಿಲ್ಲುವ, ಎರಡು ವರ್ಷದ ಬಿಳಿ ಎಸ್‌ಯುವಿಯ ಕೆಲಸ, ಅದಿರಿನ ಧೂಳಿನ ಸಂಡೂರು ರಸ್ತೆಯಲ್ಲಿ ನಿತ್ಯ ಓಡಾಡುವ ಕಪ್ಪು ಹ್ಯಾಚ್‌ಬ್ಯಾಕ್‌ನ ಕೆಲಸಕ್ಕಿಂತ ಬೇಗ ಮುಗಿಯುತ್ತದೆ. ಹೀಗಿದ್ದೂ ಮೊದಲನೆಯವರಿಂದ 5,000, ಎರಡನೆಯವರಿಂದ 3,000 ಪಡೆಯುವುದು ನ್ಯಾಯವಲ್ಲ.

ನಮ್ಮ ಭಾಗದ ಕಾರುಗಳ ಕಷ್ಟವೇ ಬೇರೆ. ಅದಿರಿನ ಲಾರಿಗಳು ಓಡಾಡುವ ದಾರಿಯಲ್ಲಿ ಕೆಂಪು ಧೂಳು ಬಾಗಿಲಿನ ಸಂದು, ಹ್ಯಾಂಡಲ್‌ನ ಒಳಭಾಗ, ರಬ್ಬರ್ ಬೀಡಿಂಗ್‌ನ ಅಂಚು ಎಲ್ಲದರಲ್ಲೂ ಕೂರುತ್ತದೆ. ಆ ಧೂಳಿನ ಕಣ ಗಟ್ಟಿಯಾದದ್ದು. ಬೆಳಿಗ್ಗೆ ಒಣಬಟ್ಟೆಯಿಂದಲೋ, ಒಂದೇ ಬಕೆಟ್ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದಲೋ ಒರೆಸಿದಾಗ ಅದೇ ಕಣ ಪೇಂಟನ್ನು ಗೀರುತ್ತದೆ. ಬೋರ್‌ವೆಲ್‌ನ ಗಡಸು ನೀರು ಬಿಸಿಲಿನಲ್ಲಿ ಆರಿದರೆ ಸುಣ್ಣದ ಬಿಳಿ ಕಲೆಗಳು ಉಳಿಯುತ್ತವೆ, ಹಳೆಯದಾದಷ್ಟೂ ಅವು ಪೇಂಟ್‌ನೊಳಕ್ಕೆ ಇಳಿಯುತ್ತವೆ. ಇವನ್ನೆಲ್ಲ ಮೊದಲು ತೆಗೆಯದೆ ಮಷಿನ್ ಇಟ್ಟರೆ ಉಳಿದ ಕಣಗಳೇ ಪ್ಯಾಡ್‌ಗೆ ಸಿಕ್ಕಿ ಹೊಸ ಗೀರು ಮೂಡಿಸುತ್ತವೆಯಾದ್ದರಿಂದ, ಪಾಲಿಶ್‌ನ ಅರ್ಧ ಶ್ರಮ ಪಾಲಿಶ್‌ಗೆ ಮುಂಚೆಯೇ ಮುಗಿದಿರುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಕ್ಲಿಯರ್ ಕೋಟ್‌ನ ವಿಷಯ. ಇಂದಿನ ಬಹುತೇಕ ಕಾರುಗಳಲ್ಲಿ ಬಣ್ಣದ ಪದರದ ಮೇಲೆ ಬಣ್ಣವಿಲ್ಲದ, ಹೊಳಪು ಕೊಡುವ ಇನ್ನೊಂದು ಪದರವಿರುತ್ತದೆ. ಕಂಪನಿಯಿಂದ ಬಂದ ಕಾರಿನಲ್ಲಿ ತಳದ ಪದರವಾದ ಪ್ರೈಮರ್‌ನಿಂದ ಹಿಡಿದು ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ ದಪ್ಪವಿರುತ್ತವೆ. ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು ಸುಮಾರು 35ರಿಂದ 50 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಪಾಲಿಶ್ ಎಂದರೆ ಗೀರನ್ನು ತುಂಬುವುದಲ್ಲ, ಗೀರಿನ ಸುತ್ತಲಿನ ಪದರವನ್ನು ಅತ್ಯಲ್ಪ ಪ್ರಮಾಣದಲ್ಲಿ ತೆಗೆದು ಸಮ ಮಾಡುವುದು. ಹೀಗೆ ತೆಗೆದದ್ದು ಮತ್ತೆ ಬರುವುದಿಲ್ಲ. ನಿಗದಿತ ದರಕ್ಕೆ ಒಪ್ಪಿಕೊಂಡ ಕೆಲಸದಲ್ಲಿ ಬೇಗ ಮುಗಿಸುವ ಒತ್ತಡ ಬರುತ್ತದೆ, ಬೇಗ ಮುಗಿಸಲು ಒರಟು ಕಾಂಪೌಂಡ್ (ಪದರವನ್ನು ಹೆಚ್ಚು ಸವೆಸುವ ಪೇಸ್ಟ್) ಹಿಡಿಯುವ ಆಸೆಯಾಗುತ್ತದೆ, ಅದರ ನಷ್ಟ ನಿಮ್ಮ ಕಾರಿಗೆ. ದರ ಹೇಳುವ ಕ್ರಮವನ್ನು ಬದಲಿಸಲು ನಮಗೆ ಇದೊಂದೇ ಕಾರಣ ಸಾಕಾಗಿತ್ತು.

ತಪಾಸಣೆ ಹೀಗೆ ನಡೆಯುತ್ತದೆ. ಕಾರನ್ನು ತೊಳೆದು ಒಣಗಿಸಿ, ಪ್ರತಿ ಪ್ಯಾನೆಲ್‌ನ ಮೇಲೆ ದಪ್ಪ ಅಳೆಯುವ ಮೀಟರ್ ಇಡುತ್ತೇವೆ. ಅದು ಒಟ್ಟು ದಪ್ಪವನ್ನು ಮಾತ್ರ ತೋರಿಸುತ್ತದೆ, ಪ್ಲಾಸ್ಟಿಕ್ ಬಂಪರ್‌ನ ಮೇಲೆ ಕೆಲಸ ಮಾಡುವುದಿಲ್ಲ. ಆದರೂ ಒಂದು ಡೋರ್‌ನಲ್ಲಿ 110, ಪಕ್ಕದ ಡೋರ್‌ನಲ್ಲಿ 260 ಬಂದರೆ ಎರಡನೆಯದಕ್ಕೆ ಮತ್ತೆ ಪೇಂಟ್ ಆಗಿದೆ ಎಂದು ತಿಳಿಯುತ್ತದೆ. ಇನ್ನೂ ಬಹಳ ಹೆಚ್ಚು ಬಂದರೆ ಒಳಗೆ ಸಾಮಾನ್ಯವಾಗಿ ತಗ್ಗು ತುಂಬುವ ಪುಟ್ಟಿ ಇರುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಈ ಅಂಕಿಗಳು ಬೇರೆ ರೀತಿಯಲ್ಲೂ ಉಪಯೋಗಕ್ಕೆ ಬರುತ್ತವೆ. ಬಳಿಕ ಬಾನೆಟ್‌ನ ಒಂದು ಮೂಲೆಯಲ್ಲಿ ಸುಮಾರು ಒಂದೂವರೆ ಅಡಿ ಚೌಕಕ್ಕೆ ಟೇಪ್ ಹಚ್ಚಿ, ಅತ್ಯಂತ ಮೃದುವಾದ ಪ್ಯಾಡ್ ಮತ್ತು ನಯವಾದ ಪಾಲಿಶ್‌ನಿಂದ ಆರಂಭಿಸುತ್ತೇವೆ. ಎಲ್‌ಇಡಿ ದೀಪ ಹಿಡಿದಾಗ ಜೇಡರ ಬಲೆಯಂತೆ ಕಾಣುವ ಗೀರುಗಳು ಅಷ್ಟರಲ್ಲೇ ಹೋದರೆ ಒಂದು ಹಂತದ ಕೆಲಸ ಸಾಕು. ಹೋಗದಿದ್ದರೆ ಮಾತ್ರ ಕಾಂಪೌಂಡ್ ಮತ್ತು ಪಾಲಿಶ್ ಎಂಬ ಎರಡು ಹಂತ ಬೇಕಾಗುತ್ತದೆ. ಟೇಪ್ ತೆಗೆದ ಮೇಲೆ ಎರಡೂ ಕಡೆಯ ವ್ಯತ್ಯಾಸವನ್ನು ನೀವೇ ನೋಡಿ ನಿರ್ಧರಿಸಬಹುದು.

ಇನ್ನು ಲೆಕ್ಕ. ಬಾಡಿಗೆ 14,000, ಕರೆಂಟ್ ಮತ್ತು ನೀರು 5,000, ಇಬ್ಬರು ಕೆಲಸಗಾರರ ಸಂಬಳ 36,000, ಮಷಿನ್‌ಗಳ ಕಂತು ಮತ್ತು ರಿಪೇರಿ 7,000, ಇತರೆ 4,000, ನಡೆಸುವವರ ಸಂಸಾರಕ್ಕೆ 25,000, ಹೀಗೆ ತಿಂಗಳಿಗೆ 91,000 ರೂಪಾಯಿ ಬೇಕು. ಇಬ್ಬರ ದುಡಿಮೆ ತಿಂಗಳಿಗೆ ಸುಮಾರು 400 ಗಂಟೆಯಾದರೂ, ತಪಾಸಣೆ, ಬಟ್ಟೆ-ಪ್ಯಾಡ್ ತೊಳೆಯುವುದು, ಬುಕಿಂಗ್ ಇಲ್ಲದ ದಿನಗಳನ್ನು ಕಳೆದರೆ ಗ್ರಾಹಕರ ಕಾರಿನ ಮೇಲೆ ಬೀಳುವುದು ಸುಮಾರು 220 ಗಂಟೆ. ಭಾಗಿಸಿದರೆ ಗಂಟೆಗೆ ಸುಮಾರು 414 ರೂಪಾಯಿ. ಹಳೆಯದಾದ ಮಷಿನ್ ಬದಲಿಸಲು ಸ್ವಲ್ಪ ಸೇರಿಸಿ 450 ಎಂದು ನಿಗದಿಪಡಿಸಿದ್ದೇವೆ. ಸಾಮಗ್ರಿಯ ಖರ್ಚು ಬೇರೆ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿಗಿಂತ ಕಡಿಮೆ ಇದ್ದು ನಾವು ಜಿಎಸ್‌ಟಿ ನೋಂದಣಿ ಮಾಡಿಸಿಲ್ಲವಾದ್ದರಿಂದ ಬಿಲ್ಲಿನಲ್ಲಿ ತೆರಿಗೆ ಸೇರುವುದಿಲ್ಲ.

ಇದರಂತೆ, ಚೆನ್ನಾಗಿ ನೋಡಿಕೊಂಡ ಬಿಳಿ ಹ್ಯಾಚ್‌ಬ್ಯಾಕ್‌ಗೆ 5 ಗಂಟೆಯ ಕೆಲಸಕ್ಕೆ 2,250 ಮತ್ತು ಸಾಮಗ್ರಿಗೆ 450 ಸೇರಿ 2,700 ರೂಪಾಯಿ ಆಗುತ್ತದೆ. ಕಪ್ಪು ಸೆಡಾನ್‌ಗೆ ಒಂದು ಹಂತವಾದರೆ 8 ಗಂಟೆ, ಸಾಮಗ್ರಿ 600, ಒಟ್ಟು 4,200; ಎರಡು ಹಂತವಾದರೆ 14 ಗಂಟೆ, ಸಾಮಗ್ರಿ 1,100, ಒಟ್ಟು 7,400. ಇಲ್ಲಿ ಗಂಟೆ ಎಂದರೆ ಕೈ ಪಳಗಿದ ಒಬ್ಬ ಕೆಲಸಗಾರನಿಗೆ ಬೇಕಾಗುವ ಸಮಯ. ನಮ್ಮಲ್ಲಿ ಕಲಿಯುತ್ತಿರುವ ಹುಡುಗ ಅದೇ ಕೆಲಸಕ್ಕೆ ಹೆಚ್ಚು ಹೊತ್ತು ತೆಗೆದುಕೊಂಡರೆ ಆ ಹೆಚ್ಚುವರಿ ಸಮಯ ನಮ್ಮ ಖರ್ಚು, ನಿಮ್ಮದಲ್ಲ. ಕಲಿಕೆಯ ವೆಚ್ಚವನ್ನು ಗ್ರಾಹಕರ ಬಿಲ್ಲಿಗೆ ಹಾಕಬಾರದೆಂಬುದು ನಮ್ಮ ದೃಢ ನಿಲುವು.

ಗೀರುಗಳನ್ನು ಮುಚ್ಚಿ ಹೊಳಪು ಕೊಡುವ ಗ್ಲೇಜ್ ಎಂಬ ವಸ್ತುವೂ ಇದೆ. ಕಾರನ್ನು ನಾಲ್ಕಾರು ಬಾರಿ ತೊಳೆದ ಮೇಲೆ ಅದು ಹೋಗಿ ಹಳೆಯ ಗೀರುಗಳು ಮತ್ತೆ ಕಾಣುತ್ತವೆ. ಮದುವೆಗೋ ಸಮಾರಂಭಕ್ಕೋ ಅಷ್ಟೇ ಸಾಕೆಂದು ನೀವು ಕೇಳಿದರೆ ಮಾಡಿಕೊಡುತ್ತೇವೆ, ಆದರೆ ಬಿಲ್ಲಿನಲ್ಲಿ ಗ್ಲೇಜ್ ಎಂದೇ ಬರೆಯುತ್ತೇವೆ, ಪಾಲಿಶ್ ಎಂದಲ್ಲ. ಕ್ಲಿಯರ್ ಕೋಟ್ ಬಿಳಿಚಿ ಸಿಪ್ಪೆ ಏಳುತ್ತಿರುವ ಅಥವಾ ದಪ್ಪ ತೀರಾ ಕಡಿಮೆ ಇರುವ ಪ್ಯಾನೆಲ್‌ಗಳಿಗೆ ಎಷ್ಟು ಹಣ ಕೊಟ್ಟರೂ ಮಷಿನ್ ಹಿಡಿಯುವುದಿಲ್ಲ. ಅಲ್ಲಿ ಮತ್ತೆ ಪೇಂಟ್ ಮಾಡಿಸುವುದೇ ದಾರಿ.

ಬರೆದು ಕೊಟ್ಟ ದರವನ್ನು ಮೀರಿ ಒಂದು ರೂಪಾಯಿ ಬೇಕಾದರೂ ನಿಮಗೆ ಫೋನ್ ಮಾಡಿ ಒಪ್ಪಿಗೆ ಪಡೆಯುತ್ತೇವೆ. ಮೇ 31ರೊಳಗೆ ಬುಕ್ ಮಾಡಿದವರಿಗೆ ಹಳೆಯ ದರವೇ ಅನ್ವಯಿಸುತ್ತದೆ. ಬರೀ ವಾಷ್ ಮತ್ತು ಒಳಭಾಗದ ಕ್ಲೀನಿಂಗ್ ದರದಲ್ಲಿ ಬದಲಾವಣೆ ಇಲ್ಲ. ತಪಾಸಣೆ ಉಚಿತ, ಬಿಸಿಲೇರಿ ಕಾರಿನ ಮೈ ಕಾದ ಮೇಲೆ ಪಾಲಿಶ್ ಬೇಗ ಆರಿಹೋಗುವುದರಿಂದ ದಯವಿಟ್ಟು ಬೆಳಿಗ್ಗೆ 8ರಿಂದ 10ರೊಳಗೆ ಬನ್ನಿ. ತರುವ ಮುನ್ನ ಕಾರನ್ನು ಒರೆಸಬೇಡಿ, ಧೂಳಿದ್ದ ಹಾಗೆಯೇ ತನ್ನಿ.

ಇಂತಿ ನಿಮ್ಮ ವಿಶ್ವಾಸಿಗಳು,
ಡೀಟೇಲಿಂಗ್ ಘಟಕದ ಪರವಾಗಿ, ಹೊಸಪೇಟೆ